ಟೂರಿನ ಹಳೆಯ ಫೋಟೋಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯ ನಮ್ಮ ಮನೆಯ ಜಗಲಿಯಲ್ಲಿ ಕೆಲವು ವರ್ಷಗಳಿಂದ ಒಂದು ಕೆಲಸ ನಡೆಯುತ್ತಿದೆ. ನೆಂಟರು, ಪರಿಚಯದವರು, ಅವರ ಪರಿಚಯದವರು ಹಳೆಯ ಆಲ್ಬಂಗಳನ್ನು ಹೊತ್ತು ತರುತ್ತಾರೆ. ಮದುವೆಯ ಆಲ್ಬಂಗಳನ್ನು ಎಲ್ಲರೂ ಜೋಪಾನ ಮಾಡಿರುತ್ತಾರೆ. ಹಾಳಾಗುತ್ತಿರುವುದು ಟೂರಿನ ಫೋಟೋಗಳು. ತುಂಗಭದ್ರಾ ಡ್ಯಾಮಿನ ಉದ್ಯಾನ, ಕನ್ನಂಬಾಡಿಯ ಬೃಂದಾವನ, ಬೊಂಬಾಯಿಯ ಎಸ್ಸೆಲ್ ವರ್ಲ್ಡ್, ಮದ್ರಾಸಿನ ಕಿಷ್ಕಿಂತ ಎಂಬ ಆಟದ ಉದ್ಯಾನಗಳು, ಕೊಪ್ಪಳದ ಗವಿಮಠದ ಜಾತ್ರೆಯ ತೊಟ್ಟಿಲು ಇವೆಲ್ಲ ಒಂದೇ ಬಿಸ್ಕತ್ತಿನ ಡಬ್ಬಿಯಲ್ಲಿ ಕಲೆತುಹೋಗಿರುತ್ತವೆ. ಬಂದವರು ಕೇಳುವ ಪ್ರಶ್ನೆಗಳು ಬಹುತೇಕ ಒಂದೇ. ಆದ್ದರಿಂದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ನೂರಾರು ಫೋಟೋಗಳಿವೆ. ಯಾವುದರಿಂದ ಶುರು ಮಾಡಲಿ?

ಎಲ್ಲಕ್ಕಿಂತ ಹಳೆಯದರಿಂದ ಅಲ್ಲ. ಆ ದಿನ ಜೊತೆಗಿದ್ದವರಲ್ಲಿ ಈಗ ಹೆಚ್ಚು ವಯಸ್ಸಾದವರು ಯಾರೋ, ಅವರಿರುವ ಫೋಟೋಗಳಿಂದ ಶುರು ಮಾಡಿ. ಸ್ಕ್ಯಾನರ್ ಮುಂದಿನ ತಿಂಗಳೂ ಸಿಗುತ್ತದೆ. ತೊಂಬತ್ತರ ಅಜ್ಜಿಯ ನೆನಪು ಅಷ್ಟು ದಿನ ಕಾಯುತ್ತದೆ ಎಂದು ಹೇಳಲಾಗದು. ಅವರ ಪಕ್ಕ ಕುಳಿತು ಒಂದೊಂದೇ ಫೋಟೋವನ್ನು ಕೈಗೆ ಕೊಡಿ. ಮೊಬೈಲ್‌ನಲ್ಲಿ ತೋರಿಸಬೇಡಿ, ಕಾಗದವನ್ನೇ ಕೊಡಿ. ಕಾಗದ ಕೈಗೆ ಬಂದಾಗ ಮಾತು ಬೇರೆಯಾಗುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಅವರು ಹೇಳುವುದನ್ನು ಮೊಬೈಲ್‌ನಲ್ಲಿ ಧ್ವನಿಮುದ್ರಣ ಮಾಡಿಕೊಳ್ಳಿ. ಸ್ಕ್ಯಾನ್ ಮಾಡುವುದು ಆಮೇಲಿನ ಕೆಲಸ.

ಅಜ್ಜನ ಕಪ್ಪು ಬಿಳುಪು ಫೋಟೋ ಚೆನ್ನಾಗಿದೆ, ನಮ್ಮ ಬಾಲ್ಯದ ಕಲರ್ ಫೋಟೋ ಕೆಂಪಾಗಿ ಹೋಗಿದೆ. ಏಕೆ?

ಕಪ್ಪು ಬಿಳುಪು ಚಿತ್ರ ಮೂಡುವುದು ಬೆಳ್ಳಿಯ ಸೂಕ್ಷ್ಮ ಕಣಗಳಿಂದ. ಸರಿಯಾಗಿ ತೊಳೆದು ಮುದ್ರಿಸಿದ್ದರೆ ಬೆಳ್ಳಿ ನೂರು ವರ್ಷ ತಾಳಬಲ್ಲದು. ಕಲರ್ ಫೋಟೋದಲ್ಲಿ ಕೊನೆಗೆ ಉಳಿಯುವುದು ಬೆಳ್ಳಿಯಲ್ಲ, ಬಣ್ಣದ ಮೂರು ಪದರಗಳು: ತಿಳಿ ನೀಲಿ, ಕಡುಗುಲಾಬಿ, ಹಳದಿ. ಅಂದಿನ ಕಾಗದಗಳಲ್ಲಿ ಆಲ್ಬಂ ಮುಚ್ಚಿಟ್ಟಿದ್ದರೂ ನೀಲಿ ಪದರ ತಾನಾಗಿ ಕರಗುತ್ತಿತ್ತು. ಅದು ಹೋದ ಮೇಲೆ ಉಳಿಯುವುದು ಕೆಂಪು. ಶಾಖ ಹೆಚ್ಚಿದಷ್ಟೂ ಈ ಕ್ರಿಯೆಗೆ ವೇಗ ಹೆಚ್ಚು. ನಮ್ಮ ಬಳ್ಳಾರಿ, ರಾಯಚೂರಿನ ಏಪ್ರಿಲ್, ಮೇ ತಿಂಗಳುಗಳ ಬಗ್ಗೆ ನಾನು ಬೇರೆ ಹೇಳಬೇಕಿಲ್ಲ.

ಹೀಗಾಗಿ 1960ರ ಅಜ್ಜನಿಗಿಂತ 1985ರ ನೀವು ಬೇಗ ಮಸುಕಾಗುತ್ತೀರಿ. ಸ್ಕ್ಯಾನ್ ಮಾಡುವಾಗ ಕಲರ್ ಫೋಟೋಗಳಿಗೆ ಮೊದಲ ಸರದಿ ಕೊಡಿ.

ಕಪ್ಪು ಬಿಳುಪು ಫೋಟೋದ ಕಪ್ಪು ಭಾಗಗಳಲ್ಲಿ ಕನ್ನಡಿಯಂಥ ಹೊಳಪು ಕಂಡರೆ ಉಜ್ಜಬೇಡಿ. ಅದು ಕೊಳೆಯಲ್ಲ. ಮೇಲಕ್ಕೆ ಬಂದ ಬೆಳ್ಳಿ.

ಯಾವ ವರ್ಷದ ಫೋಟೋ ಎಂದು ಮನೆಯಲ್ಲಿ ಯಾರಿಗೂ ನೆನಪಿಲ್ಲ. ಪತ್ತೆ ಹಚ್ಚುವುದು ಹೇಗೆ?

ನನಗೆ ಅತ್ಯಂತ ಇಷ್ಟವಾದ ಪ್ರಶ್ನೆ ಇದು. ಮುಖಗಳನ್ನು ಬಿಟ್ಟು ಹಿನ್ನೆಲೆಯನ್ನು ನೋಡಿ.

ಮೊದಲು ಆಕಾರ. ಬಿಳಿ ಅಂಚಿನ ಪುಟ್ಟ ಚೌಕ ಫೋಟೋ ಆಗಿದ್ದರೆ ಅದು ಬಹುಶಃ 120 ರೋಲ್ ಹಾಕುವ ಕ್ಯಾಮೆರಾದ್ದು. ನಮ್ಮ ಕಡೆಯ ಮಧ್ಯಮ ವರ್ಗದ ಮನೆಗಳಲ್ಲಿ ಇದ್ದದ್ದು ಅಗ್ಫಾ ಕ್ಲಿಕ್ 3. ಒಂದು ರೋಲ್‌ಗೆ ಹನ್ನೆರಡು ಚಿತ್ರ ಮಾತ್ರ. ಉದ್ದನೆಯ ಆಯತವಾಗಿದ್ದರೆ 35 ಮಿ.ಮೀ. ಕ್ಯಾಮೆರಾ, ಒಂದು ರೋಲ್‌ಗೆ 36 ಚಿತ್ರ. ಆಯತವಾಗಿದ್ದೂ ತೀರಾ ಕಾಳುಕಾಳಾಗಿ ಕಂಡರೆ ಹಾಟ್ ಶಾಟ್‌ನಂಥ 110 ಕ್ಯಾಮೆರಾ ಇರಬಹುದು. ಅದರ ನೆಗೆಟಿವ್ ಹೆಬ್ಬೆರಳಿನ ಉಗುರಿನಷ್ಟೇ ಇರುತ್ತಿತ್ತು, ದೊಡ್ಡದು ಮಾಡಿದಾಗ ಒಡೆಯುತ್ತಿತ್ತು.

ನಂತರ ವಾಹನಗಳು. ಹಿಂದೆ ನಿಂತ ಜೀಪು, ಮೆಟಡೋರ್ ಅಥವಾ ಸ್ಕೂಟರಿನ ಸಂಖ್ಯಾಫಲಕ ಕೆಎ ಎಂದು ಆರಂಭವಾದರೆ ಫೋಟೋ 1989ರ ಜುಲೈಗಿಂತ ಹಿಂದಿನದಲ್ಲ. ಕೆಎ 34 ಬಳ್ಳಾರಿ, ಕೆಎ 36 ರಾಯಚೂರು. ಬಸ್ಸಿನ ಮೈಮೇಲೆ ಮೈಸೂರು ರಾಜ್ಯದ ಹೆಸರಿದ್ದರೆ 1973ರ ನವೆಂಬರ್ 1ರ ಆಚೀಚೆಯವರೆಗಿನ ಕಾಲ. ಈಶಾನ್ಯ ಕರ್ನಾಟಕ ಎಂದಿದ್ದರೆ 2000ದ ನಂತರ. ಊರ ಹೆಸರನ್ನು ಇಂಗ್ಲಿಷಿನಲ್ಲಿಯೂ ‘ಬಳ್ಳಾರಿ’ ಎಂದೇ ಬರೆದ ಫಲಕವಿದ್ದರೆ 2014ರ ನಂತರದ್ದು. ಅಲ್ಲಿಯವರೆಗೆ ಇಂಗ್ಲಿಷಿನಲ್ಲಿ ನಾವು ‘ಬೆಲ್ಲಾರಿ’ಯವರೇ ಆಗಿದ್ದೆವು.

ತುಂಗಭದ್ರಾ ಡ್ಯಾಮಿನ ಫೋಟೋಗಳಲ್ಲಿ ಇನ್ನೊಂದು ಸುಳಿವಿದೆ. ಬೆನ್ನ ಹಿಂದೆ ಗೇಟುಗಳಿಂದ ನೀರು ಬೆಳ್ಳಗೆ ಧುಮುಕುತ್ತಿದ್ದರೆ ಅದು ಬೇಸಿಗೆ ರಜೆಯ ಫೋಟೋ ಅಲ್ಲ. ಜಲಾಶಯ ತುಂಬಿ ಗೇಟು ಎತ್ತುವುದು ಮಳೆಗಾಲದಲ್ಲಿ. ಹಾಗಾದರೆ ಅದು ಗಣೇಶನ ಹಬ್ಬ ಅಥವಾ ದಸರೆಯ ಆಸುಪಾಸು. ಮೊನ್ನೆ ಒಬ್ಬ ಅಕ್ಕ ತಂದ ಚೌಕ ಫೋಟೋದಲ್ಲಿ ಗೇಟುಗಳೆಲ್ಲ ಮುಚ್ಚಿದ್ದವು, ಉದ್ಯಾನದ ಹುಲ್ಲು ಒಣಗಿತ್ತು, ಮಕ್ಕಳ ಕೈಯಲ್ಲಿ ಮಾವಿನಹಣ್ಣು ಇತ್ತು. ತಿಂಗಳು ಯಾವುದೆಂದು ಅಲ್ಲಿಗೆ ತಿಳಿಯಿತು. 1945ರಲ್ಲಿ ಅಡಿಗಲ್ಲು ಬಿದ್ದು 1953ರಲ್ಲಿ ನೀರು ಹರಿಸಿದ ಅಣೆಕಟ್ಟು ಅದು. ಪೂರ್ಣಗೊಂಡ ಡ್ಯಾಮಿನ ಮುಂದೆ ನಿಂತ ಯಾವ ಚಿತ್ರವೂ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಕಟ್ಟುವ ಕಾಲದ ಚಿತ್ರ ನಿಮ್ಮಲ್ಲಿದ್ದರೆ, ಹೊಸಪೇಟೆ ದಡದಲ್ಲಿ ನಿಂತ ಅಜ್ಜ ಮದ್ರಾಸ್ ರಾಜ್ಯದಲ್ಲಿದ್ದರು, ಮುನಿರಾಬಾದ್ ದಡದಲ್ಲಿ ನಿಂತಿದ್ದರೆ ಹೈದರಾಬಾದ್ ರಾಜ್ಯದಲ್ಲಿದ್ದರು. ಒಂದೇ ನದಿ, ಎರಡು ಸರ್ಕಾರ.

ಮೂಲೆಯಲ್ಲಿ ಕಿತ್ತಳೆ ಬಣ್ಣದ ತಾರೀಖು ಮೂಡಿದ್ದರೆ ಅದನ್ನೇ ನಂಬಿ ಕೂರಬೇಡಿ. ಬ್ಯಾಟರಿ ಬದಲಿಸಿದಾಗ ದಿನಾಂಕವನ್ನು ಮತ್ತೆ ಸರಿಪಡಿಸದ ಕ್ಯಾಮೆರಾಗಳು ಲೆಕ್ಕವಿಲ್ಲದಷ್ಟಿದ್ದವು.

ಒಂದು ಉದಾಹರಣೆ ಹೇಳಬಹುದೇ?

ನಮ್ಮ ಮನೆಯದೇ ಇದೆ. ನೀರಿನ ಅಲೆ ಏಳುವ ಕೊಳದ ದಂಡೆಯಲ್ಲಿ ನಾವು ಮೂವರು ಮಕ್ಕಳು, ಹಿಂದೆ ಅವ್ವ. ಅಪ್ಪ ಬೆನ್ನಿಗೆ ‘ಮದ್ರಾಸ್, ಕಿಷ್ಕಿಂತ’ ಎಂದಷ್ಟೇ ಬರೆದಿದ್ದಾರೆ. ಆ ಉದ್ಯಾನ ತೆರೆದದ್ದು 1995ರಲ್ಲಿ, ಮದ್ರಾಸ್ ಚೆನ್ನೈ ಆದದ್ದು 1996ರಲ್ಲಿ. ಆದರೆ ಇಷ್ಟರಿಂದಲೇ ತೀರ್ಮಾನಿಸಬಾರದು, ಹೆಸರು ಬದಲಾದ ಮೇಲೂ ನಮ್ಮವರು ವರ್ಷಾನುಗಟ್ಟಲೆ ಮದ್ರಾಸ್ ಎಂದೇ ಅಂದರು. ಕೈಹಿಡಿದದ್ದು ತಂಗಿಯ ಬಾಯಿ. ಅವಳ ಮುಂದಿನ ಎರಡು ಹಲ್ಲು ಇಲ್ಲ. 1989ರಲ್ಲಿ ಹುಟ್ಟಿದವಳು, ಹಲ್ಲು ಬಿದ್ದದ್ದು ಏಳನೆಯ ವರ್ಷಕ್ಕೆ. ಅದು 1996ರ ಬೇಸಿಗೆ.

ಅಂದು ಗುಂತಕಲ್ಲಿಗೆ ಹೋಗಿ ಅಲ್ಲಿ ರಾತ್ರಿ ರೈಲು ಬದಲಿಸಿದ್ದೆವು. ರಾಯಚೂರಿನವರಿಗೆ ಆ ತೊಂದರೆ ಇಲ್ಲ, ಬೊಂಬಾಯಿ ಮದ್ರಾಸ್ ರೈಲು ಅವರ ಊರಿನ ಮೇಲೆಯೇ ಹೋಗುತ್ತದೆ. ಹೋಲ್ಡಾಲ್ ಬಿಚ್ಚಿ ಪ್ಲಾಟ್‌ಫಾರಂ ಮೇಲೆ ಹಾಸಿ, ಬುತ್ತಿಯ ಗಂಟಿನಿಂದ ಕಟಕ ರೊಟ್ಟಿ, ಶೇಂಗಾ ಚಟ್ನಿ ತೆಗೆದು ಅವ್ವ ಬಡಿಸಿದಳು. ಇದು ಯಾವ ಫೋಟೋದಲ್ಲೂ ಇಲ್ಲ. ಹಲ್ಲಿನ ಲೆಕ್ಕ ಹಾಕುತ್ತಿದ್ದಾಗ ತಂಗಿಯೇ ನೆನಪಿಸಿದಳು: ಬಿದ್ದ ಹಲ್ಲಿನಿಂದ ಕಟಕ ರೊಟ್ಟಿ ಕಡಿಯಲಾಗದೆ ಅತ್ತಿದ್ದಳಂತೆ.

ಕಿಷ್ಕಿಂಧೆ ನಮ್ಮ ಆನೆಗೊಂದಿಯಲ್ಲೇ ಇದೆಯಲ್ಲ?

ಇದೆ. ವಾಲಿ ಸುಗ್ರೀವರ ಕಿಷ್ಕಿಂಧೆ ಎಂದು ಪರಂಪರೆ ಗುರುತಿಸುವುದು ಗಂಗಾವತಿ ಸೀಮೆಯ ಆನೆಗೊಂದಿ, ಅಂಜನಾದ್ರಿಯ ಸುತ್ತಲಿನ ಬೆಟ್ಟಗಳನ್ನು. ಆ ಹೆಸರು ಹೊತ್ತ ಆಟದ ಉದ್ಯಾನ ಎದ್ದದ್ದು ತಾಂಬರಂ ಬಳಿ. ಗಂಗಾವತಿಯ ಒಂದು ಕುಟುಂಬದ ಆಲ್ಬಂನಲ್ಲಿ ಎರಡೂ ಕಿಷ್ಕಿಂಧೆಗಳು ಎದುರುಬದುರು ಪುಟದಲ್ಲಿವೆ. ಎಡಕ್ಕೆ ಬಂಡೆಗಳ ನಡುವೆ ಅಜ್ಜಿ, ಬಲಕ್ಕೆ ನೀರಿನ ಜಾರುಬಂಡೆಯ ಕೆಳಗೆ ಅದೇ ಅಜ್ಜಿ, ಅದೇ ಇಳಕಲ್ ಸೀರೆ. ಆ ಪುಟವನ್ನು ಬಿಡಿಸದೆ ಹಾಗೆಯೇ ಇಡಲು ಹೇಳಿದ್ದೇನೆ. ಯಾರೋ ಯೋಚಿಸಿ ಜೋಡಿಸಿದ ಪುಟ ಅದು. ಆಲ್ಬಂ ಬಿಚ್ಚುವ ಮುನ್ನ ಪ್ರತಿ ಪುಟವನ್ನೂ ಇದ್ದಂತೆಯೇ ಒಮ್ಮೆ ಚಿತ್ರ ತೆಗೆದುಕೊಳ್ಳಿ.

ಅಂಟಿನ ಹಾಳೆಯ ಆಲ್ಬಂನಿಂದ ಫೋಟೋ ಕಿತ್ತುಕೊಳ್ಳುವುದು ಹೇಗೆ?

ಮೇಲೆ ಪ್ಲಾಸ್ಟಿಕ್ ಹಾಳೆ, ಕೆಳಗೆ ಗೆರೆಗೆರೆಯಾಗಿ ಅಂಟು ಇರುವ ಆ ಆಲ್ಬಂಗಳು ಎಂಬತ್ತು, ತೊಂಬತ್ತರ ದಶಕದಲ್ಲಿ ಎಲ್ಲ ಮನೆಗಳಿಗೂ ಬಂದವು. ಫೋಟೋಗಳಿಗೆ ಅವುಗಳಿಂದ ಆದಷ್ಟು ಹಾನಿ ಗೆದ್ದಲಿನಿಂದಲೂ ಆಗಿಲ್ಲ ಎನ್ನಿಸುತ್ತದೆ. ಅಂಟು ಹಳದಿಯಾಗುತ್ತ ಕಾಗದದೊಳಗೆ ಇಳಿಯುತ್ತದೆ.

ಉಗುರಿನಿಂದ ಮೂಲೆ ಎತ್ತಬೇಡಿ, ಮೂಲೆ ಮಡಚಿ ಬಿರುಕು ಬಿಡುತ್ತದೆ. ಮೇಣವಿಲ್ಲದ ಹಲ್ಲಿನ ದಾರ ಅಥವಾ ತೆಳ್ಳನೆಯ ಗಟ್ಟಿ ನೂಲನ್ನು ಫೋಟೋದ ಕೆಳಗೆ ತೂರಿಸಿ, ಎರಡೂ ಕೈಯಲ್ಲಿ ಹಿಡಿದು ಗರಗಸದಂತೆ ಮೆಲ್ಲಗೆ ಆಡಿಸುತ್ತ ಸಾಗಿ. ಅಲುಗದಿದ್ದರೆ ಬಿಟ್ಟುಬಿಡಿ. ಪುಟದ ಸಮೇತ ಸ್ಕ್ಯಾನ್ ಮಾಡಿದರೆ ನಷ್ಟವಿಲ್ಲ.

ಚೌಕಟ್ಟಿನ ಗಾಜಿಗೆ ಅಂಟಿದ ಫೋಟೋ ಮಾತ್ರ ಬೇರೆ. ಫೋಟೋದ ಮೇಲ್ಮೈ ಜೆಲಟಿನ್. ತೇವ ತಗುಲಿದರೆ ಅದು ಗೋಂದಿನಂತಾಗಿ ಗಾಜಿಗೆ ಕಚ್ಚುತ್ತದೆ. ನಾನು ಹಿಂದೊಮ್ಮೆ ತಿಳಿಯದೆ ಅಂಥದೊಂದನ್ನು ಎಳೆದೆ. ಬೃಂದಾವನದ ಕಾರಂಜಿಯ ಮುಂದೆ ನಿಂತ ಸೋದರತ್ತೆಯ ಮುಖ ಗಾಜಿನ ಮೇಲೆಯೇ ಉಳಿಯಿತು, ನನ್ನ ಕೈಗೆ ಬಂದದ್ದು ಬಿಳಿ ಕಾಗದ. ಅತ್ತೆಯ ಬೇರೆ ಫೋಟೋ ಆ ವಯಸ್ಸಿನದು ಒಂದೂ ಇರಲಿಲ್ಲ. ಅವರ ಮಗಳಿಗೆ ಅದನ್ನು ಹೇಳಬೇಕಾಗಿ ಬಂದ ಸಂಜೆ ಇನ್ನೂ ಮನಸ್ಸಿನಲ್ಲಿದೆ. ದಯವಿಟ್ಟು ಎಳೆಯಬೇಡಿ. ಗಾಜಿನ ಸಮೇತ ಸ್ಕ್ಯಾನರ್ ಮೇಲೆ ಕವುಚಿ ಹಾಕಿ, ಇಲ್ಲವೇ ಬೆಳಕು ಪ್ರತಿಫಲಿಸದಂತೆ ಓರೆಯಾಗಿ ಬೆಳಕು ಬಿಟ್ಟು ಚಿತ್ರ ತೆಗೆಯಿರಿ.

ಮಾಳಿಗೆ ಸೋರಿ ಫೋಟೋಗಳೆಲ್ಲ ನೆನೆದು ಒಂದಕ್ಕೊಂದು ಅಂಟಿವೆ. ಏನು ಮಾಡಲಿ?

ಬಿಸಿಲಿಗೆ ಹಾಕಬೇಡಿ. ಒಣಗುವ ಮುನ್ನವೇ ಬಿಡಿಸಬೇಕು. ಅಗಲವಾದ ತಟ್ಟೆಯಲ್ಲಿ ಶುದ್ಧ ತಣ್ಣೀರು ತುಂಬಿ ಗಂಟನ್ನು ಮುಳುಗಿಸಿ. ತಾವಾಗಿ ಬಿಡುವಂತಾದಾಗ ಒಂದೊಂದಾಗಿ ತೆಗೆದು, ಚಿತ್ರದ ಮುಖ ಮೇಲಾಗಿ, ನೆರಳಿನಲ್ಲಿ ಹತ್ತಿಯ ಬಟ್ಟೆಯ ಮೇಲೆ ಹರವಿ. ಮೇಲ್ಮೈಯನ್ನು ಒರೆಸಬೇಡಿ. ಅಂದೇ ಸಮಯವಿಲ್ಲದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರಿಜ್‌ನ ಮಂಜುಗಡ್ಡೆಯ ಖಾನೆಯಲ್ಲಿಟ್ಟರೆ ಕೆಲವು ದಿನ ಕಾಯುತ್ತವೆ.

ಸ್ಕ್ಯಾನರ್ ಬೇಕೇ? ಮೊಬೈಲ್ ಸಾಲದೇ?

ತುರ್ತಿಗೆ ಸಾಕು, ಶಾಶ್ವತಕ್ಕೆ ಸಾಲದು. ಸಾಧಾರಣ ಫ್ಲ್ಯಾಟ್‌ಬೆಡ್ ಸ್ಕ್ಯಾನರ್‌ನಲ್ಲಿ 600 ಡಿಪಿಐ (ಅಂದರೆ ಇಂಚಿಗೆ 600 ಚುಕ್ಕಿ) ಇಟ್ಟರೆ ನಾಲ್ಕು ಇಂಚು ಆರು ಇಂಚಿನ ಫೋಟೋ 2400 ಗುಣಿಸು 3600 ಚುಕ್ಕಿಗಳ ಚಿತ್ರವಾಗುತ್ತದೆ, ಅಂದರೆ ಸುಮಾರು 86 ಲಕ್ಷ ಚುಕ್ಕಿಗಳು. ಹಳೆಯ ಪುಟ್ಟ ಚೌಕಗಳಿಗೆ 1200 ಇಡಿ. ಮೂಲ ಪ್ರತಿಯನ್ನು ಟಿಫ್ ರೂಪದಲ್ಲಿ ಉಳಿಸಿ, ಹಂಚಲು ಜೆಪೆಗ್ ಮಾಡಿಕೊಳ್ಳಿ. ಫೋಟೋದ ಹಿಂಬದಿಯಲ್ಲಿ ಬರಹ ಅಥವಾ ಮೊಹರು ಇದ್ದರೆ ಅದನ್ನೂ ಸ್ಕ್ಯಾನ್ ಮಾಡಿ. ಅಂಚನ್ನು ಕತ್ತರಿಸಬೇಡಿ.

ವಾಟ್ಸ್ಆ್ಯಪ್‌ನಲ್ಲಿ ಚಿತ್ರವಾಗಿ ಕಳಿಸಿದರೆ ಅದು ಕುಗ್ಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ. ಕನಿಷ್ಠ ಎರಡು ಕಡೆ ಪ್ರತಿ ಇರಲಿ, ಅದರಲ್ಲಿ ಒಂದು ಬೇರೆ ಊರಿನ ನೆಂಟರ ಮನೆಯಲ್ಲಿರಲಿ.

ನೆಗೆಟಿವ್‌ಗಳನ್ನು ಬಿಸಾಡಬಹುದೇ?

ಬೇಡ, ಖಂಡಿತ ಬೇಡ. ಪ್ರಿಂಟ್ ಕೆಂಪಾಗಿದ್ದರೂ ನೆಗೆಟಿವ್‌ನಲ್ಲಿ ಬಣ್ಣ ಉಳಿದಿರುವ ಸಾಧ್ಯತೆ ಇದೆ. ಇನ್ನೊಂದು ಕಾರಣವೂ ಇದೆ. ಆ ಕಾಲದಲ್ಲಿ ಒಂದು ಟೂರಿಗೆ ಒಂದು ರೋಲ್ ಎಂಬುದೇ ಇರಲಿಲ್ಲ. ಡ್ಯಾಮಿನಲ್ಲಿ ಐದು ತೆಗೆದು, ಉಳಿದದ್ದನ್ನು ಯಾರದೋ ತೊಟ್ಟಿಲ ಕಾರ್ಯಕ್ಕೆ ಉಳಿಸಿ, ಕೊನೆಯ ಎರಡನ್ನು ಹುಲಿಗೆಮ್ಮನ ಜಾತ್ರೆಯಲ್ಲಿ ಮುಗಿಸುತ್ತಿದ್ದರು. ನೆಗೆಟಿವ್ ಪಟ್ಟಿಯಲ್ಲಿ ಇವೆಲ್ಲ ನಡೆದ ಕ್ರಮದಲ್ಲಿಯೇ ಸಾಲಾಗಿರುತ್ತವೆ. ತೊಟ್ಟಿಲಲ್ಲಿರುವ ಕೂಸು ಯಾರೆಂದು ತಿಳಿದರೆ ಡ್ಯಾಮಿಗೆ ಹೋದ ವರ್ಷವೂ ತಿಳಿಯುತ್ತದೆ.

ಪಟ್ಟಿಯಿಂದ ವಿನೆಗರ್‌ನಂಥ ಹುಳಿ ವಾಸನೆ ಬರುತ್ತಿದ್ದರೆ ಫಿಲಂ ಕೊಳೆಯಲು ಶುರುವಾಗಿದೆ ಎಂದರ್ಥ. ಅವುಗಳನ್ನು ಬೇರೆ ಮಾಡಿ ಇಡಿ, ಬೇಗ ಸ್ಕ್ಯಾನ್ ಮಾಡಿಸಿ.

ನಮ್ಮ ಊರುಗಳಲ್ಲಿ ಫೋಟೋಗಳನ್ನು ಎಲ್ಲಿಡಬೇಕು?

ಮನೆಯ ಒಳಕೋಣೆಯಲ್ಲಿ, ಪಡುವಣ ಬಿಸಿಲು ಬೀಳದ ಗೋಡೆಯ ಕಡೆ, ಬೀರುವಿನ ಕೆಳಗಿನ ಖಾನೆಯಲ್ಲಿ. ಅಟ್ಟ ಬೇಡ. ತಗಡಿನ ಚಾವಣಿಯ ಕೆಳಗಂತೂ ಬೇಡವೇ ಬೇಡ. ಮಣ್ಣಿನ ಮಾಳಿಗೆಯ ಹಳೆ ಮನೆಗಳ ನಡುಮನೆ ತಂಪು, ಸೋರದಿದ್ದರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಸಂಡೂರು, ಹೊಸಪೇಟೆ ರಸ್ತೆಗಳ ಬದಿಯ ಮನೆಗಳಿಗೆ ಅದಿರಿನ ಕೆಂಪು ಧೂಳಿನ ಕಾಟ ಗೊತ್ತೇ ಇದೆ. ಮುಚ್ಚಳ ಭದ್ರವಾಗಿರುವ ಡಬ್ಬಿ ಇರಲಿ. ಧೂಳನ್ನು ಬಟ್ಟೆಯಿಂದ ಒರೆಸಿದರೆ ಗೀರು ಬೀಳುತ್ತದೆ, ಮೆತ್ತನೆಯ ಕುಂಚದಿಂದ ಹಾರಿಸಿ. ನುಸಿ ಗುಳಿಗೆಯನ್ನು ಫೋಟೋಗಳ ಜೊತೆ ಇಡಬೇಡಿ.

ಹಿಂದೆ ಹೆಸರು ಬರೆಯಬಹುದೇ?

ಬಾಲ್‌ಪೆನ್ ಬೇಡ. ಅದರ ಒತ್ತು ಮುಂದೆ ಮೂಡುತ್ತದೆ, ಶಾಯಿ ಪಕ್ಕದ ಫೋಟೋಗೆ ಹತ್ತುತ್ತದೆ. ಮೃದು ಪೆನ್ಸಿಲ್‌ನಲ್ಲಿ, ಗಟ್ಟಿ ನೆಲದ ಮೇಲೆ ಇಟ್ಟು, ಅಂಚಿನ ಬಳಿ ಹಗುರವಾಗಿ ಬರೆಯಿರಿ. ಪೆನ್ಸಿಲ್ ಹಿಡಿಯದ ನುಣುಪು ಕಾಗದವಾಗಿದ್ದರೆ ಬೇರೆ ಚೀಟಿಯಲ್ಲಿ ಬರೆದು ಜೊತೆಗಿಡಿ. ‘ಅಜ್ಜಿ’, ‘ಮಾವ’ ಎಂದಷ್ಟೇ ಬರೆಯಬೇಡಿ. ಯಾರ ಅಜ್ಜಿ? ಐವತ್ತು ವರ್ಷದ ನಂತರ ಓದುವವರಿಗೆ ಪೂರ್ಣ ಹೆಸರು, ತವರೂರು, ಸಂಬಂಧ ಮೂರೂ ಬೇಕು.

ಹೊಸ ಆ್ಯಪ್‌ಗಳು ಹಳೆಯ ಮುಖಗಳನ್ನು ಸ್ಪಷ್ಟ ಮಾಡಿಕೊಡುತ್ತವಂತೆ?

ಬಣ್ಣದ ಸಮತೋಲನ ಸರಿಪಡಿಸುವುದು, ಗೀರು ಮುಚ್ಚುವುದು ಸರಿ. ಮಸುಕಾದ ಮುಖವನ್ನು ಹೊಸದಾಗಿ ಬಿಡಿಸಿಕೊಡುವ ಆ್ಯಪ್‌ಗಳನ್ನು ನಾನು ಒಪ್ಪುವುದಿಲ್ಲ. ಕಾಗದದ ಮೇಲೆ ಇಲ್ಲದ ರೆಪ್ಪೆ, ಇಲ್ಲದ ಹಲ್ಲು, ಇಲ್ಲದ ನಗುವನ್ನು ಅವು ಊಹಿಸಿ ತುಂಬುತ್ತವೆ. ಅದು ನಿಮ್ಮ ಅಜ್ಜನ ಕಣ್ಣಲ್ಲ. ಮಾಡಲೇಬೇಕೆಂದರೆ ಪ್ರತಿಯ ಮೇಲೆ ಮಾಡಿ, ಹೆಸರಿನಲ್ಲೇ ‘ತಿದ್ದಿದ್ದು’ ಎಂದು ನಮೂದಿಸಿ.

ತಲೆ ಕತ್ತರಿಸಿದವು, ಅಲುಗಿದವು, ಯಾರೋ ಅಪರಿಚಿತರೇ ತುಂಬಿರುವಂಥವು?

ಇಟ್ಟುಕೊಳ್ಳಿ. ಕ್ಲಿಕ್ 3ರಂಥ ಕ್ಯಾಮೆರಾಗಳಲ್ಲಿ ನೋಡುವ ಕಿಂಡಿ ಬೇರೆ, ಮಸೂರ ಬೇರೆ. ಹತ್ತಿರದಿಂದ ತೆಗೆದರೆ ಕಂಡದ್ದೊಂದು, ಬಂದದ್ದೊಂದು. ಹನ್ನೆರಡರಲ್ಲಿ ಒಂದು ಹೀಗೆ ಹೋದಾಗ ಎಷ್ಟು ಸಂಕಟಪಟ್ಟಿದ್ದಾರೋ. ಆದರೂ ದುಡ್ಡು ಕೊಟ್ಟು ತೊಳೆಸಿ ಆಲ್ಬಂಗೆ ಸೇರಿಸಿದ್ದಾರೆ. ಬಿಸಾಡಲು ಅವರಿಗೇ ಮನಸ್ಸಾಗಲಿಲ್ಲ.

ಆಟದ ಉದ್ಯಾನಗಳ ಫೋಟೋಗಳಲ್ಲಿ ಅಂಚಿನಲ್ಲಿ ಇರುವವರನ್ನು ನೋಡಿ. ನಾನು ನೋಡಿದ ಹೆಚ್ಚುಕಡಿಮೆ ಎಲ್ಲದರಲ್ಲೂ ಒಬ್ಬ ತಾಯಿ ಇದ್ದಾಳೆ. ಸೀರೆಯ ನೆರಿಗೆ ಸ್ವಲ್ಪ ಮೇಲೆತ್ತಿ, ಒಂದು ಕೈಯಲ್ಲಿ ನೀರಿನ ಕ್ಯಾನು, ಇನ್ನೊಂದು ಕೈಯಲ್ಲಿ ಎಲ್ಲರ ಚಪ್ಪಲಿ, ತೋಳಿನಲ್ಲಿ ಒದ್ದೆ ಬಟ್ಟೆಯ ಚೀಲ. ಮಕ್ಕಳು ನೀರಿನಲ್ಲಿ. ಅಚ್ಚುಕಟ್ಟು ಮಾಡುವ ಭರದಲ್ಲಿ ಅಂಚು ಕತ್ತರಿಸಿದರೆ ಮೊದಲು ಹೋಗುವವಳು ಅವಳೇ.

ಎಸ್ಸೆಲ್ ವರ್ಲ್ಡ್ ಈಗಲೂ ಇದೆಯೇ? ಮಕ್ಕಳನ್ನು ಅದೇ ಜಾಗಕ್ಕೆ ಕರೆದೊಯ್ದು ಫೋಟೋ ತೆಗೆಯಬೇಕಿತ್ತು.

1989ರಲ್ಲಿ ಶುರುವಾದ ಎಸ್ಸೆಲ್ ವರ್ಲ್ಡ್ 2022ರಲ್ಲಿ ಮುಚ್ಚಿತು. ದಿಲ್ಲಿಯ ಅಪ್ಪು ಘರ್ 1984ರಿಂದ 2008ರವರೆಗೆ ಇತ್ತು. ಹಂಪಿಯ ಕಲ್ಲಿನ ರಥ ಇದೆ, ಆದರೆ ಹಳೆಯ ಫೋಟೋಗಳಲ್ಲಿರುವಂತೆ ಚಕ್ರದ ಮೇಲೆ ಕೂರಲು ಈಗ ಬಿಡುವುದಿಲ್ಲ, ಬಿಡಬಾರದು ಕೂಡ. ಡ್ಯಾಮಿನ ಉದ್ಯಾನಕ್ಕೆ ಹೋಗಬಹುದು. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳ ಪೈಕಿ 19ನೆಯದು ಕೊಚ್ಚಿಹೋದಾಗ ಎಷ್ಟೋ ಮನೆಗಳಲ್ಲಿ ಹಳೆಯ ಡ್ಯಾಮಿನ ಫೋಟೋ ಹುಡುಕಿದರು. ನನ್ನ ಬಳಿಗೆ ಆ ವಾರ ಬಂದಷ್ಟು ಜನ ಮತ್ತೆಂದೂ ಬಂದಿಲ್ಲ.

ಟೂರಿನ ಯಾವ ಫೋಟೋದಲ್ಲೂ ಅಪ್ಪ ಇಲ್ಲ. ಏಕೆ?

ಕ್ಯಾಮೆರಾ ಅವರ ಕೈಯಲ್ಲಿತ್ತು. ಆದರೂ ಒಮ್ಮೆ ಹುಡುಕಿ. ಸೂರ್ಯ ಬೆನ್ನ ಹಿಂದೆ ಇರಲಿ ಎಂಬುದು ಆ ಕ್ಯಾಮೆರಾಗಳಿಗೆ ಇದ್ದ ಮೊದಲ ಪಾಠ. ಬೆಳಗ್ಗೆ ಅಥವಾ ಸಂಜೆ ತೆಗೆದ ಚಿತ್ರಗಳಲ್ಲಿ ಕೆಳಗಿನ ಅಂಚನ್ನು ನೋಡಿ. ಮರಳಿನ ಮೇಲೋ ಹುಲ್ಲಿನ ಮೇಲೋ ಒಂದು ಉದ್ದನೆಯ ನೆರಳು ಬಿದ್ದಿರುತ್ತದೆ, ಮೊಣಕೈಗಳು ಎರಡೂ ಬದಿಗೆ ಚಾಚಿ, ಕೈಗಳು ಮುಖದ ಬಳಿ. ನಮ್ಮ ಡ್ಯಾಮಿನ ಫೋಟೋದಲ್ಲಿ ಆ ನೆರಳು ಹುಲ್ಲು ದಾಟಿ ಅವ್ವನ ಪಾದದವರೆಗೂ ಬಂದಿದೆ. ಹಿಂದೆ ಹೆಸರುಗಳನ್ನು ಬರೆಯುವಾಗ ಅವ್ವ, ಅಕ್ಕ, ನಾನು, ತಂಗಿ ಎಂದು ಎಡದಿಂದ ಬಲಕ್ಕೆ ಬರೆದು, ಕೆಳಗಿನ ಸಾಲಿನಲ್ಲಿ ಅಪ್ಪನ ಹೆಸರು ಸೇರಿಸಿದ್ದೇನೆ.